ಗಂಡು ಹೂವಿನ ಪುಡಿ

ದುಪಟ್ಟಾದ ಅಂಚಿಗೆ ಗೇಣುದ್ದದ ಕೆಂಪು ನೂಲೊಂದು ಅಂಟಿಕೊಂಡಿತ್ತು. ಹತ್ತನೆಯ ತರಗತಿಗೆ ವರ್ಣತಂತುಗಳ ಪಾಠ ಮಾಡುತ್ತ ಹಲಗೆಯ ಮೇಲೆ ಎಕ್ಸ್, ವೈ ಎಂದು ಬರೆಯುತ್ತಿದ್ದವಳು ಅದನ್ನು ಬಿಡಿಸಿ, ಬಿಸಾಡಲಾಗದೆ ಬೆರಳಿಗೆ ಸುತ್ತಿಕೊಂಡೆ. ಅದು ಶನಿವಾರ, ಬೆಳಗಿನ ಶಾಲೆ.

ನೀವು ರಾಣೆಬೆನ್ನೂರು ಕಡೆಯವರಾದರೆ ಆ ನೂಲಿನ ಪರಿಚಯ ಹೇಳಬೇಕಾಗಿಲ್ಲ. ಹಲಗೇರಿಯ ನಮ್ಮ ಹೊಲದಲ್ಲಿ ಹೈಬ್ರಿಡ್ ಬಿತ್ತನೆ ಬೀಜಕ್ಕಾಗಿ ಹತ್ತಿ ಹಾಕುತ್ತಾರೆ. ಹೆಣ್ಣು ಗಿಡದ ಸಾಲು ಬೇರೆ, ಗಂಡು ಗಿಡದ ಸಾಲು ಬೇರೆ. ಸಂಜೆ ಹೆಣ್ಣು ಗಿಡದ ಮೊಗ್ಗನ್ನು ಉಗುರಿನಿಂದ ಸೀಳಿ ಕೇಸರಗಳನ್ನು ಸುಲಿದು ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವಿನ ಪುಡಿಯನ್ನು ಅದಕ್ಕೆ ಸವರಿ, ಗುರುತಿಗೆಂದು ತೊಟ್ಟಿಗೆ ಕೆಂಪು ನೂಲು ಕಟ್ಟಬೇಕು. ಕ್ರಾಸಿಂಗ್ ಎಂದರೆ ಇದೇ. ಈ ಕೆಲಸಕ್ಕಾಗಿಯೇ ಅವ್ವ ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದಾಳೆ. ಚಿಕ್ಕವಳಿದ್ದಾಗ ನಾನು ಅದಕ್ಕೆ ಬಣ್ಣ ಹಚ್ಚುತ್ತೇನೆಂದು ಹಟ ಹಿಡಿದಿದ್ದೆ.

"ಹಚ್ಚವಾ, ಗಂಡು ಹೂವೆಲ್ಲಾ ನನ್ನ ನೋಡಾಕ ಬರಲಿ," ಎಂದು ಅವ್ವ ನಕ್ಕಿದ್ದಳು.

ರಜೆಯ ಬೆಳಗುಗಳಲ್ಲಿ ನಾನೂ ನೂಲು ಕಟ್ಟಿದ್ದೇನೆ. ಕಾಯಿ ನಿಲ್ಲದೆ ಉದುರಿದರೆ ಅವ್ವ ಹೆಣ್ಣು ಗಿಡವನ್ನು ಬೈದದ್ದು ಒಮ್ಮೆಯೂ ಕೇಳಿಲ್ಲ. "ಗಂಡು ಹೂವಿನ ಪುಡಿ ಹಸೀ ಇತ್ತು. ಪಾಪ, ಈ ಗಿಡರ ಏನ್ ಮಾಡೀತು?" ಎನ್ನುತ್ತಿದ್ದಳು. ಮುಂದೆ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ ಪರಾಗಸ್ಪರ್ಶದ ಪಾಠ ನನಗೆ ಹೊಸದೆನಿಸಲಿಲ್ಲ. ಗೆಳತಿಯರ ಮುಂದೆ ಒಂದಿಷ್ಟು ಜಂಬವನ್ನೂ ಕೊಚ್ಚಿಕೊಂಡೆ.

ಅಣ್ಣನಿಗೆ ಎರಡನೆಯ ಮಗಳು ಹುಟ್ಟಿದ ಮೇಲೆ ಆ ಜಂಬ ಇಳಿಯಿತು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವ ಎಲ್ಲರೆದುರು ಅಣ್ಣನ ಹೆಂಡತಿಗೆ, ನನ್ನ ವೈನಿಗೆ, "ನಿಮ್ಮವ್ವ ಬರೇ ಹೆಣ್ಣ ಹಡದ್ಲು, ನೀನೂ ಅದ ದಾರಿ ಹಿಡದಿ," ಎಂದಳು. ವೈನಿ ಕದರಮಂಡಲಗಿಯವಳು, ನಾಲ್ವರು ಅಕ್ಕತಂಗಿಯರಲ್ಲಿ ಕೊನೆಯವಳು. ಅಣ್ಣ ಎದ್ದು ಹೊರಗೆ ಹೋದ. ನಾನು ಸಕ್ಕರೆ ಹಂಚುತ್ತಿದ್ದೆ, ಹಂಚುತ್ತಲೇ ಇದ್ದೆ. ವಾರ ಕಳೆಯುವುದರಲ್ಲಿ, ಗಂಡಾಗಲು ಔಷಧ ಕೊಡುವವನೊಬ್ಬ ಬ್ಯಾಡಗಿಯ ಆಚೆ ಇದ್ದಾನೆಂದು ಅವ್ವ ಸುದ್ದಿ ತಂದಳು. ಆ ಶನಿವಾರದ ಮರುದಿನ, ಭಾನುವಾರವೇ ವೈನಿಯನ್ನು ಕರೆದೊಯ್ದು ಕುಡಿಸಿಕೊಂಡು ಬರುವುದೆಂದು ನಿಶ್ಚಯವಾಯಿತು. ಏನು ಬೇರೋ, ಏನು ಸೊಪ್ಪೋ ಯಾರಿಗೂ ತಿಳಿಯದು. ಕೂಸು ಇನ್ನೂ ಎದೆಹಾಲು ಕುಡಿಯುತ್ತಿತ್ತು.

ಹೀಗೆ ನೂಲು ಸುತ್ತಿಕೊಂಡು ಹಲಗೆಯತ್ತ ಮುಖ ಮಾಡಿ ನಿಂತಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಟೀಚರ್, ಹಂಗಂದ್ರ ಹೆಣ್ಣು ಹುಟ್ಟೋದು ಅಪ್ಪನ ಕಡಿಂದನ್ರಿ?"

ಹುಡುಗರು ಕಿಸಕ್ಕೆಂದರು.

"ಹೌದು. ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ," ಎಂದೆ.

"ಮತ್ತ ನಮ್ಮವ್ವನ್ನ ಯಾಕ ಬೈತಾರ್ರಿ?"

ಗಂಟೆ ಹೊಡೆಯಿತು. ಅದಕ್ಕೆ ನಾನು ಋಣಿಯಾದೆನೆಂದು ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ.

ಸಂಜೆ ವೈನಿ ರೊಟ್ಟಿ ಬಡಿಯುತ್ತಿದ್ದಳು. ಅವ್ವ, ಅಣ್ಣ ಪಡಸಾಲೆಯಲ್ಲಿದ್ದರು. ನಾನು ಒಲೆಯ ಹತ್ತಿರ ಕುಳಿತು ದನಿ ತಗ್ಗಿಸಿದೆ. "ವೈನಿ, ತಾಯಿ ಕಡಿಂದ ಯಾವಾಗ್ಲೂ ಎಕ್ಸ್ ಅಷ್ಟ ಬರತೈತ್ರಿ. ತಂದಿ ಕಡಿಂದ ಎಕ್ಸ್ ಬಂದ್ರ ಹೆಣ್ಣು, ವೈ ಬಂದ್ರ ಗಂಡು. ನಿಮ್ಮ ತಪ್ಪೇನೂ ಇಲ್ಲ."

ಅವಳು ರೊಟ್ಟಿ ತಿರುವಿ ಹಾಕಿದಳು. "ನಂಗ ಗೊತ್ತೈತ್ರಿ. ನಾನೂ ಹತ್ತನೇತ್ತ ಪಾಸಾಗೇನಿ. ಗೊತ್ತಿಲ್ದವ್ರು ಹೊರಗ ಕುಂತಾರ."

ಅವಳು ಕೊಟ್ಟ ರೊಟ್ಟಿಯನ್ನು ನಾನು ಆ ಪಡಸಾಲೆಯಲ್ಲೇ ಕುಳಿತು ಉಂಡೆ, ಅವರಿಬ್ಬರ ಜೊತೆ, ಸುಮ್ಮನೆ. ಅಣ್ಣನೆದುರು ಇಂಥ ಮಾತು ಹೇಗೆ ಆಡುವುದೆಂದು ಸಂಕೋಚಪಟ್ಟೆನೆಂದರೆ ಅದು ಅರ್ಧ ಸತ್ಯ. ಅವ್ವನ ನಾಲಿಗೆ ನನ್ನ ಮೇಲಿಲ್ಲ ಎಂಬ ನೆಮ್ಮದಿ ಉಳಿದರ್ಧ.

ಮರುದಿನ ಬೆಳಿಗ್ಗೆ ಎಲ್ಲರೂ ಹೊಲದಲ್ಲಿದ್ದರು. ಕ್ರಾಸಿಂಗ್ ಮುಗಿಸಿ, ಔಷಧಕ್ಕೆ ಹೋಗಲು ಅಲ್ಲಿಂದಲೇ ಬ್ಯಾಡಗಿಯ ಬಸ್ಸು ಹಿಡಿಯುವುದಿತ್ತು. ವೈನಿ ಕೂಸನ್ನು ಎತ್ತಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದಳು. ಅಣ್ಣ ಗಂಡು ಹೂಗಳ ಬುಟ್ಟಿ ತಂದ. ನಾನು ಅದರಿಂದ ಒಂದು ಹೂ ತೆಗೆದುಕೊಂಡೆ.

"ಅವ್ವಾ, ಕಾಯಿ ಉದುರಿದ್ರ ನೀ ಗಂಡು ಹೂವಿಗೆ ಅಂತಿ. ಮನ್ಯಾಗ ಯಾಕ ವೈನಿಗೆ ಅಂತಿ?" ಎಂದೆ. ಆಮೇಲೆ ಒಲೆಯ ಮುಂದೆ ಹೇಳಿದ್ದಷ್ಟನ್ನೂ ದನಿ ತಗ್ಗಿಸದೆ ಹೇಳಿದೆ. ಪಕ್ಕದ ಸಾಲಿನ ಹೆಂಗಸರು ಕೈ ನಿಲ್ಲಿಸಿ ಕೇಳಿದರು.

"ಅಣ್ಣನ ಮುಂದ ಇಂಥಾ ಮಾತಾಡ್ತಿ, ನಾಚಿಕಿ ಬರಂಗಿಲ್ಲೇನ ನಿನಗ?" ಎಂದು ಅವ್ವ ಗದರಿದಳು.

"ಬರತೈತಿ," ಎಂದೆ. "ಅಣ್ಣಾ, ಇದು ನಿನ್ನ ತಪ್ಪೂ ಅಲ್ಲ. ಆದ್ರ ಔಷಧ ಕುಡೀಲೇಬೇಕಂದ್ರ ನೀ ಹೋಗಿ ಕುಡಿ."

ಅಣ್ಣ ಬುಟ್ಟಿಯನ್ನೇ ನೋಡುತ್ತಿದ್ದ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಬಸ್ಸು ಹೋದರೆ ಹೋಗಲೆಂದು ನಾನು ಬದು ಹತ್ತಿ ವೈನಿಯ ಹೆಗಲಿನಿಂದ ಚೀಲ ಇಳಿಸಿಕೊಂಡೆ.