ಸೌಟು ಮಾವನ ಕೈಗೆ

ಕಳೆದ ಶನಿವಾರ, ನಾವು ಈಗ ನೆಲೆಸಿರುವ ಪರದೇಶದ ಊರು ಮೆಕಿನ್ನಿಯ ರೈತರ ಸಂತೆಯಲ್ಲಿ ತೊಟ್ಟು ಬಿಡಿಸದ ಟೊಮೇಟೊ ಕೊಂಡೆ. ಕಾರಿನ ಬಾಗಿಲು ಹಾಕುತ್ತಿದ್ದಂತೆ ಆ ಎಲೆಯ ಹಸಿ ಘಾಟು ಮೂಗಿಗೆ ಬಡಿಯಿತು. ಅಷ್ಟು ಬಿಸಿಲಿದ್ದರೂ ಏಸಿ ಹಾಕುವುದನ್ನು ಮರೆತು ಸ್ವಲ್ಪ ಹೊತ್ತು ಹಾಗೇ ಕೂತೆ. ಫ್ರಾನ್ಸಿನ ಆ ಹಳ್ಳಿಮನೆಯ ಅಜ್ಜಿಯ ಕೈಗಳಿಗೆ ಸದಾ ಇದೇ ವಾಸನೆ...

ಅವರ ಮನೆಗೆ ನಾವು ಹೋಗಿದ್ದು ಮಗಳ ಹಟಕ್ಕೆ. ಸ್ಕೂಲಿನಲ್ಲಿ ಫ್ರೆಂಚ್ ಕಲಿಯುತ್ತಿದ್ದವಳಿಗೆ ಅದನ್ನು ಆಡಿ ನೋಡುವ ಹುಮ್ಮಸ್ಸು. ಅಜ್ಜಿ ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿಯೂಟ ಅವರ ಜೊತೆ, ಅವರದೇ ಮೇಜಿನಲ್ಲಿ. ಮೆನು ಅಂತೇನೂ ಇಲ್ಲ, ಹಿತ್ತಿಲಲ್ಲಿ ಆವತ್ತು ಏನು ಸಿಕ್ಕಿತೋ ಅದು. ನಾವು ಸಸ್ಯಾಹಾರಿಗಳು ಎಂದು ಮೊದಲೇ ತಿಳಿಸಿದ್ದಕ್ಕೆ, ತರಕಾರಿಗೇನು ಬರವಿಲ್ಲ ಬನ್ನಿ ಎಂದಿದ್ದರು.

ನನಗಿದ್ದ ಚಿಂತೆ ಮಾವನದು. ಅತ್ತೆ ತೀರಿಕೊಂಡ ಮೇಲೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದವರು ದಿನೇದಿನೇ ಇಳಿದುಹೋಗುತ್ತಿದ್ದರು. ಡಾಕ್ಟರು ಎಲ್ಲ ಟೆಸ್ಟ್ ಮಾಡಿಸಿ, ಕಾಯಿಲೆ ಏನಿಲ್ಲ, ಚೆನ್ನಾಗಿ ಊಟ ಮಾಡಲಿ ಅಂದರು. ಅದೇ ಆಗದ ಕೆಲಸ. ಮೊದಲ ಸೌಟು ಬೀಳುವಷ್ಟರಲ್ಲೇ ತಟ್ಟೆಯ ಮೇಲೆ ಅವರ ಕೈ ಅಡ್ಡ ಬರುತ್ತಿತ್ತು. "ಸಾಕಮ್ಮ." ಅತ್ತೆಯಾಗಿದ್ದರೆ ಆ ಕೈ ಸರಿಸಿ ಬಡಿಸುತ್ತಿದ್ದರು, ಮೂರನೆಯ 'ಸಾಕು' ಮಾತ್ರ ನಿಜವೆಂದು ಅವರಿಗೆ ಗೊತ್ತಿತ್ತು. ಸೊಸೆಯಾದ ನಾನು ಮಾವನ ಕೈ ಹಿಡಿದು ಸರಿಸಲೇ? ಮಗನ ಮನೆಯಲ್ಲೇ ನೆಂಟರ ಹಾಗೆ ಸಂಕೋಚಪಟ್ಟುಕೊಂಡು ಅರೆಹೊಟ್ಟೆ ಉಣ್ಣುತ್ತಿದ್ದರು.

ಮೊದಲ ಸಂಜೆ ಅಜ್ಜಿ ಬದನೆಕಾಯಿ, ಟೊಮೇಟೊ ಸೇರಿಸಿ ಬೇಯಿಸಿದ ಪಲ್ಯದಂಥದ್ದನ್ನು ದೊಡ್ಡ ಪಾತ್ರೆಯಲ್ಲಿ ತಂದು, ಹಿರಿಯರೆಂದು ಮೊದಲು ಮಾವನ ಬಳಿ ಹೋದರು. ಕೈ ಅಡ್ಡ ಬಂತು. ಅಜ್ಜಿ ತಲೆಯಾಡಿಸಿ ಮುಂದೆ ಹೋದರು. ಅವರ ಲೆಕ್ಕದಲ್ಲಿ ಬೇಡ ಅಂದರೆ ಬೇಡ, ಅಷ್ಟೇ. ಮಾವ ಎರಡನೆಯ ಸಲದ ಒತ್ತಾಯಕ್ಕೆ ಕಾದರು. ಪಾತ್ರೆ ಅತ್ತ ಸುಳಿಯಲೇ ಇಲ್ಲ. ಒಂದು ತುಂಡು ಬ್ರೆಡ್ಡಿಗೆ ಅವರ ಊಟ ಮುಗಿಯಿತು. ಬೆಳಿಗ್ಗೆ ನೋಡಿದರೆ ಸೂಟ್‌ಕೇಸಿನಲ್ಲಿದ್ದ ಕೋಡುಬಳೆ ಅರ್ಧ ಖಾಲಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಿಂಡಿಯ ಹೊತ್ತಿಗೆ ಅಜ್ಜಿ ನನ್ನ ಮಗಳನ್ನು, ತಾತನಿಗೆ ನನ್ನ ಅಡುಗೆ ಹಿಡಿಸಲಿಲ್ಲವೇ ಎಂದು ಕೇಳಿದರು. ಹಾಗಲ್ಲ, ತಾತ ಮೊದಲು ಬೇಡವೆನ್ನುವುದೇ ರೂಢಿ, ಒತ್ತಾಯ ಮಾಡಿ ಬಡಿಸುತ್ತಿದ್ದವರು ಈಗಿಲ್ಲ ಎಂದು ಅವಳು ತನ್ನ ಅರೆಬರೆ ಫ್ರೆಂಚಿನಲ್ಲಿ ವಿವರಿಸಿದಳಂತೆ. ಅಜ್ಜಿ ಒಂದು ಬುಟ್ಟಿಯನ್ನು ಮಾವನ ಕೈಗಿಟ್ಟು ಹಿತ್ತಿಲಿಗೆ ಕರೆದುಕೊಂಡು ಹೋದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಬೀನ್ಸ್ ಕೀಳುತ್ತ ಇವರು ಕನ್ನಡದಲ್ಲಿ, ಅವರು ಫ್ರೆಂಚಿನಲ್ಲಿ ಮಾತಾಡುತ್ತಲೇ ಇದ್ದರು. ಮಾವ ಅಷ್ಟು ಮಾತಾಡಿದ್ದನ್ನು ನಾನು ಮೆಕಿನ್ನಿಯಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಆ ಸಂಜೆ ಅಜ್ಜಿ ಪಾತ್ರೆಯನ್ನು ಮಾವನ ಮುಂದಿಟ್ಟು ಸೌಟನ್ನು ಅವರ ಕೈಗೆ ಕೊಟ್ಟರು. ಮಗಳು ಅವರ ಮಾತನ್ನು ತಿಳಿಸಿದಳು: ಈ ಮನೆಯಲ್ಲಿ ಮೊದಲು ಅಜ್ಜಿಯ ಅಪ್ಪ, ಆಮೇಲೆ ಗಂಡ ಬಡಿಸುತ್ತಿದ್ದರಂತೆ. ಊಟಕ್ಕೆ ಕೂತವರಲ್ಲಿ ಹಿರಿಯರೇ ಬಡಿಸಬೇಕಂತೆ. ಮಾವ ನನ್ನ ಮುಖ ನೋಡಿದರು. ಜೀವಮಾನವೆಲ್ಲ ಬಡಿಸಿಕೊಂಡವರೇ ಹೊರತು ಬಡಿಸಿದವರಲ್ಲ. ಎದ್ದು ನಿಂತು ಮೊದಲು ಅಜ್ಜಿಗೆ, ಆಮೇಲೆ ಮಗನಿಗೆ, ಮೊಮ್ಮಗಳಿಗೆ ಬಡಿಸಿ ನನ್ನ ಬಳಿ ಬಂದರು. ನಾನು ಸಾಕು ಅಂದೆ.

"ಏನ್ ಸಾಕು, ಸುಮ್ನೆ ತಿನ್ನಮ್ಮ" ಎಂದು ಇನ್ನೊಂದು ಸೌಟು ಹಾಕಿದರು.

ಕೊನೆಗೆ ಅವರ ತಟ್ಟೆ. ಅಲ್ಲಿ ಸಾಕು ಎನ್ನಲು ಎದುರಿಗೆ ಯಾರೂ ಇರಲಿಲ್ಲ. ತುಂಬ ಹಾಕಿಕೊಂಡರು, ಮುಗಿಸಿ ಮತ್ತೆ ಹಾಕಿಕೊಂಡರು. ಅಜ್ಜಿ ಅತ್ತ ನೋಡಲೂ ಇಲ್ಲ, ತಮ್ಮಷ್ಟಕ್ಕೆ ಬ್ರೆಡ್ ಕತ್ತರಿಸುತ್ತಿದ್ದರು. ನನಗೆ, ಹೆತ್ತ ತಾಯಿಯೂ ಅಷ್ಟು ಉಪಕಾರ ಮಾಡಿರಲಾರಳು ಅನ್ನಿಸಿತು.

ಮೆಕಿನ್ನಿಗೆ ಬಂದ ಮೇಲೆ ಹುಳಿಯ ಪಾತ್ರೆಯನ್ನು ಮಾವನ ಮುಂದೆಯೇ ಇಡತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ಮೈ ತುಂಬಿಕೊಂಡರು. ಈಗಂತೂ ನಮ್ಮಲ್ಲಿಗೆ ಊಟಕ್ಕೆ ಬರುವ ಸ್ನೇಹಿತರು ಮಾವನ ಸೌಟಿಗೆ ಹೆದರಿ ಮಧ್ಯಾಹ್ನದಿಂದಲೇ ಹೊಟ್ಟೆ ಖಾಲಿ ಇಟ್ಟುಕೊಂಡು ಬರುತ್ತಾರೆ.

ಹೋದ ತಿಂಗಳು ಅಜ್ಜಿಯ ಮಗಳಿಂದ ಮೆಸೇಜ್ ಬಂತು. ಅಮ್ಮ ಹೋದರು, ಇನ್ನು ಆ ಮನೆಯಲ್ಲಿ ಅತಿಥಿಗಳಿಗೆ ಊಟವಿಲ್ಲ... ಮಾವ ಮತ್ತೆ ಊಟ ಬಿಟ್ಟುಬಿಟ್ಟರೆ ಎಂಬ ಭಯಕ್ಕೆ ಹೇಳದೆ ಮುಂದೂಡುತ್ತ ಬಂದಿದ್ದೆ. ಶನಿವಾರ ಸಂತೆಯಿಂದ ಬಂದವಳು ಹೇಳಿಯೇಬಿಟ್ಟೆ. ಅವರು ಚೀಲದಿಂದ ಒಂದು ಟೊಮೇಟೊ ತೆಗೆದು ಅದರ ತೊಟ್ಟನ್ನು ಮೂಸಿದರು.

"ಅವತ್ತು ಸೌಟು ಯಾಕೆ ಕೊಟ್ರು ಅಂತ ನಂಗೆ ಆಗ್ಲೇ ಗೊತ್ತಾಗಿತ್ತಮ್ಮ" ಅಂದರು. "ಹೇಳೋಕೆ ಅವ್ರ ಭಾಷೆ ಬರ್ಲಿಲ್ಲ."

ಅಂದು ಸಂಜೆ ಮಾವ ಎಂದಿನಂತೆ ನಮಗೆಲ್ಲ ಬಡಿಸಿದರು. ತಮ್ಮ ತಟ್ಟೆಗೂ ಹಾಕಿಕೊಂಡು, ಕಣ್ಣೊರೆಸಿಕೊಳ್ಳುತ್ತಲೇ, ಒಂದಗುಳೂ ಬಿಡದೆ ಹೊಟ್ಟೆ ತುಂಬ ಉಂಡರು.