ಉಪ್ಪು ಹಾಕದ ಗುಣಿ

ವಿನೋಬನಗರದ ನಿರ್ಮಲಮ್ಮನ ಹಿತ್ತಲಲ್ಲಿ ಹಾಲಿನ ಖಾಲಿ ಪ್ಯಾಕೆಟ್ಟುಗಳ ತುಂಬ ಹೊಂಗೆ, ಕಮರ, ದಿಂಡಿಗದ ಸಸಿಗಳು. ಗಂಡ ಬಕ್ಕೇಶಪ್ಪ ಸೌದೆ ಡಿಪೋ ನಡೆಸಿದವರು. ಕೊಂಡಜ್ಜಿಯ ಗುಡ್ಡದ ಓರೆಯಲ್ಲಿ ಮನೆತನಕ್ಕಿದ್ದ ಕಾಡನ್ನು ಕಡಿದು ಮಂಡಕ್ಕಿ ಭಟ್ಟಿಗಳಿಗೆ ಹಾಕಿದ್ದೂ ಅವರೇ. ಡಿಪೋ ಮುಚ್ಚಿದ ಮೇಲೆ ಗಂಡ ಹೆಂಡತಿ ಅಲ್ಲಿ ಸಸಿ ನೆಡಲು ಹೊರಟರು. ಮೇಲ್ಮಣ್ಣೆಲ್ಲ ಮಳೆಗೆ ಕೊಚ್ಚಿಹೋಗಿ ಬರೀ ಗೊರಚಲು ಕಲ್ಲುಮಣ್ಣು ಉಳಿದಿತ್ತು. ಒಂದೂ ಬೇರು ಹಿಡಿಯಲಿಲ್ಲ. ಮಾವನ ಸಮಾಧಿಯ ಮೇಲೆ ನೆಟ್ಟ ಬೇವು ಕೂಡ ಸುಟ್ಟ ಹಾಗೆ ಒಣಗಿತು. ಹಿರಿಯರು ಮುನಿದಿದ್ದಾರೆ ಎಂದು ಮನೆಯವರು ನಂಬಿದರು. ನಿರ್ಮಲಮ್ಮನಿಗೆ ಮಾತ್ರ ಮಾವನನ್ನು ಹೂಳುವಾಗ ರೂಢಿಯಂತೆ ಆ ಗುಣಿಗೆ ಸುರಿದಿದ್ದ ಉಪ್ಪಿನ ಮೂಟೆಗಳು ನೆನಪಾದವು.

ಗಂಡನಿಗೆ ಹೇಳಿದರು. ಬಕ್ಕೇಶಪ್ಪ, "ನನ್ನನ್ನ ಆ ಗುಡ್ಡದಾಗೇ ಇಡು. ಉಪ್ಪು ಬ್ಯಾಡ. ಕಡಿದ ಜಾಗಕ್ಕೆ ಗೊಬ್ಬರನಾದ್ರೂ ಆಗ್ತೀನಿ" ಅಂದರು.

ಅವರು ತೀರಿಕೊಂಡ ದಿನ ನಿರ್ಮಲಮ್ಮ ಗುಣಿಯ ಪಕ್ಕ ಸಗಣಿ ಗೊಬ್ಬರ, ತರಗೆಲೆ, ಮರದ ಹೊಟ್ಟು ರಾಶಿ ಹಾಕಿಸಿದ್ದರು. ಮೈದುನ ಕುಬೇರಪ್ಪ ಆಟೋದಿಂದ ಉಪ್ಪಿನ ಚೀಲ ಇಳಿಸಿದ.

"ಅತ್ತಿಗೆ, ಉಪ್ಪಿಲ್ದೆ ಇಟ್ರೆ ನಾಯಿ ನರಿ ಕೆದರ್ತಾವು. ನಾಳೆ ನಮ್ಮ ಜನ ಏನಂತಾರೆ?"

"ಉಪ್ಪು ತುಂಬಿಡಾಕೆ ನಿಮ್ಮಣ್ಣ ಏನು ಮಾವಿನಕಾಯೇನ್ರಿ?"

ಅಳುತ್ತಿದ್ದವರಲ್ಲಿ ಯಾರೋ ಫಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡರು. ಕುಬೇರಪ್ಪ ನಗಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದ.

"ವಿಭೂತಿ, ಪತ್ರೆ ಬೇಕೇ ಬೇಕು. ಉಪ್ಪು ರೂಢಿ ಅಷ್ಟೇ ಕಣಪ್ಪ" ಎಂದರು ಅಯ್ಯನವರು.

"ಹಂಗಾರೆ ಅಣ್ಣಂಗೆ ನಾನೇನು ಹಾಕ್ಲಿ?" ಕುಬೇರಪ್ಪನ ದನಿ ಒಡೆಯಿತು.

ನಿರ್ಮಲಮ್ಮ ತರಗೆಲೆಯ ಪುಟ್ಟಿಯನ್ನು ಅವನ ಕೈಗಿಟ್ಟರು. "ಇದನ್ನ ಹಾಕ್ರಿ."

ಅವನು ಬೊಗಸೆ ಬೊಗಸೆಯಾಗಿ ಹಾಕಿದ. ಕೊನೆಗೆ ಜಾಲಿಮುಳ್ಳು ಕಡಿದು ತಂದು ಗುಣಿಯ ಮೇಲಿನ ದಿಬ್ಬವನ್ನೆಲ್ಲ ಮುಚ್ಚಿದವನೂ ಅವನೇ.

ಎರಡು ಮಳೆಗಾಲ ಕಳೆದವು. ದಿಬ್ಬದ ಮೇಲೆ ನೆಟ್ಟಿದ್ದ ದಿಂಡಿಗದ ಸಸಿ ಎದೆಯುದ್ದ ಎದ್ದಿತು. ಸುತ್ತಲ ಓರೆ ಬೋಳಾಗೇ ಇತ್ತು. ದಿಬ್ಬದ ಅಂಚಿನ ಮಣ್ಣು ಕಪ್ಪಗೆ, ಹಿಡಿದರೆ ಉದುರುವಷ್ಟು ಹುಡಿಯಾಗಿತ್ತು. ಅದನ್ನು ಹೊಸ ಸಸಿಗಳ ಬುಡಕ್ಕೆ ಹಾಕಬೇಕೆಂದೇ ನಿರ್ಮಲಮ್ಮ ಮೈದುನನ ಜೊತೆ ಬಂದಿದ್ದರು. ಆದರೆ ಸಲಿಕೆ ಹಿಡಿದ ಕೈ ಮುಂದೆ ಹೋಗಲಿಲ್ಲ. ಮಣ್ಣು ತೆಗೆದರೆ ಗಂಡನನ್ನೇ ಕೆದಕಿದ ಹಾಗೆ ಅನ್ನಿಸಿತು.

ಕುಬೇರಪ್ಪ ಮೆಲ್ಲಗೆ ಸಲಿಕೆ ಇಸಕೊಂಡ.

"ಅಣ್ಣನ್ನ ಒಂದೇ ಗಿಡಕ್ಕೆ ಕಟ್ಟಿಹಾಕಬ್ಯಾಡ್ರಿ ಅತ್ತಿಗೆ. ಇನ್ನೂ ಗುಡ್ಡ ಪೂರಾ ಐತೆ."