ಸಾವಿತ್ರಿಯ ಕೈ ತಪ್ಪಿರಲಿಲ್ಲ

ಸಾವಿತ್ರಿ, ನಿನ್ನ ಕೆಲಸ ಹೋದದ್ದು ನಿನ್ನ ತಪ್ಪಿನಿಂದಲ್ಲ — ನನ್ನ ಸುಳ್ಳು ದೂರಿನಿಂದ. ಹನ್ನೊಂದು ವರ್ಷ ಇದನ್ನು ನುಂಗಿಕೊಂಡು ಬದುಕಿದ್ದೇನೆ.

ಸಯನ್‌ನಲ್ಲಿದ್ದ ಆ ಕೀಟನಾಶಕ ಕಂಪೆನಿಯ ಲ್ಯಾಬಿನಲ್ಲಿ ನಾನು ಮೇಲ್ವಿಚಾರಕ. ನೀನು ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬರುತ್ತಿದ್ದ ಸಹಾಯಕಿ, ವಿಜಯಪುರದ ಕಡೆಯ ಹುಡುಗಿ. ಹತ್ತಿ ಹೊಲದಿಂದ ತಂದ ಕಾಯಿಕೊರಕ ಹುಳಗಳ ಬೆನ್ನಿಗೆ ಒಂದೊಂದೇ ಹನಿ ಔಷಧಿ ಇಡುವುದು, ಮರುದಿನ ಸತ್ತವನ್ನು ಎಣಿಸುವುದು ನಿನ್ನ ಕೆಲಸ. ಆ ಸಲ ಹೆಚ್ಚಿನ ಹುಳಗಳು ಬದುಕಿಬಿಟ್ಟವು. ಆ ಔಷಧಿ ಚೆನ್ನಾಗಿದೆಯೆಂದು ಹಿಂದೆ ಸಹಿ ಹಾಕಿದವನು ನಾನೇ — ಮೈಯೆಲ್ಲ ಉರಿದುಹೋಯಿತು.

“ನಿನಗೆ ಹನಿ ಇಡ್ಲಿಕ್ಕೇ ಬರುದಿಲ್ಲ ಮಾರಾಯ್ತಿ!” ಎಂದು ಎಲ್ಲರೆದುರು ಕೂಗಾಡಿದೆ.

“ನನ್ನ ಕೈ ತಪ್ಪಿಲ್ರಿ ಸರ್. ಹುಳಾನ ಸಾಯವಲ್ವು,” ಎಂದೆ ನೀನು.

ಈ ಹುಡುಗಿಯ ಕೈ ನಂಬುವ ಹಾಗಿಲ್ಲ ಎಂದು ಸಾಹೇಬರಿಗೂ ಹೇಳಿದೆ. ವಾರದೊಳಗೆ ನಿನ್ನನ್ನು ಕಳಿಸಿದರು.

ಆಮೇಲೆ — ಹಾಳಾದ ಅನುಮಾನ — ನಾನೇ ಕೂತು ಪರೀಕ್ಷೆ ಮಾಡಿದೆ. ನನ್ನ ಕೈಯಲ್ಲೂ ಹುಳ ಸಾಯಲಿಲ್ಲ. ಹುಳದ ಮೈಯಲ್ಲಿ ವಿಷವನ್ನು ಒಡೆದು ನಿರುಪದ್ರವಿ ಮಾಡುವ ಕಿಣ್ವಗಳಿರುತ್ತವಲ್ಲ, ಅವುಗಳನ್ನು ತಡೆಯುವ ದ್ರಾವಣವನ್ನು ಮೊದಲು ಹಚ್ಚಿ, ಮತ್ತೆ ಅದೇ ಔಷಧಿಯ ಹನಿ ಇಟ್ಟೆ. ಮರುದಿನ ಒಂದೂ ಉಳಿದಿರಲಿಲ್ಲ. ವರ್ಷವರ್ಷ ಅದೇ ವಿಷ ಸಿಂಪಡಿಸಿದ ಹೊಲದಲ್ಲಿ ಆ ಕಿಣ್ವ ಹೆಚ್ಚಿದ್ದ ಹುಳಗಳೇ ಬದುಕಿ, ಅವುಗಳ ಸಂತಾನವೇ ತುಂಬಿಕೊಂಡಿತ್ತು. ನೀನು ಕಂಡದ್ದು ಅದನ್ನೇ. ಸಾಹೇಬರಿಗೆ ಒಂದು ಮಾತು ಹೇಳಿದ್ದರೆ ನೀನು ವಾಪಸು ಬರುತ್ತಿದ್ದೆ. ನಾನು ಮಾತ್ರ — ಫಲಿತಾಂಶ ಬರೆದಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಚಹಾ ಕುಡಿಯಲು ಹೋದೆ. ಥೂ, ನಾನೂ ಒಬ್ಬ ಮನುಷ್ಯನೇ!

ಹೋದ ವಾರ ಸಾಂತಾಕ್ರೂಜ್‌ನ ಸೀರೆ ಅಂಗಡಿಗೆ ಹೆಂಡತಿಯ ಜೊತೆ ಬಂದರೆ, ಸೀರೆ ಮಡಚುತ್ತ ನಿಂತವಳು ನೀನು. ಅವಳು ಬೇರೆ ಬಣ್ಣ ಹುಡುಕುತ್ತಿದ್ದಾಗ ನೀನು ಮೆಲ್ಲಗೆ ಕೇಳಿದೆ: “ಸರ್, ಆವತ್ತು ಖರೇನ ನನ್ನ ಕೈ ತಪ್ಪಿತ್ತೇನ್ರಿ? ಈಗೂ ಮಗಳಿಗೆ ಜ್ವರದ ಔಷಧ ಹಾಕೂ ಮುಂದ ಕೈ ನಡುಗ್ತಾವ್ರಿ. ನಮ್ಮ ಮನೆಯವರಿಗೇ ಹಾಕಾಕ ಹೇಳ್ತೀನಿ.”

“ಹಳೇದೆಲ್ಲ ಈಗ ಎಂತಕ್ಕೆ, ಬಿಡು,” ಎಂದೆ. ಆಗಲೂ ನಿಜ ಹೇಳಲಿಲ್ಲ ನಾನು. ನೀನು ತಲೆಯಾಡಿಸಿ ಮತ್ತೆ ಸೀರೆ ಮಡಚತೊಡಗಿದೆ.

ನಾಳೆ ಬರುತ್ತೇನೆ. ಅಂದು ಎಲ್ಲರೆದುರು ಬೈದವನು, ನಾಳೆ ನಿನ್ನ ಅಂಗಡಿಯವರೆದುರೇ ಇದಿಷ್ಟನ್ನೂ ಹೇಳುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಏನು ಬೈದರೂ ನಿಂತು ಕೇಳುತ್ತೇನೆ. ಆದರೆ ಮಗಳಿಗೆ ಔಷಧವನ್ನು ಇನ್ನು ನೀನೇ ಹಾಕು, ಸಾವಿತ್ರಿ.